ನೀರಿನಡಿ ಮೀನಿಗೊಂದು ಆಸರೆ

ಬಯಲು ಬಯಲಾದ ಕೆರೆಯ ತಳದಲ್ಲಿ ಮೀನು ನಿಲ್ಲುವುದಿಲ್ಲ, ಹಾದುಹೋಗುತ್ತದೆ. ಅದೇ ತಳದಲ್ಲಿ ಒಂದು ಮರ ಉರುಳಿ ಬಿದ್ದಿದ್ದರೆ, ಕಲ್ಲುಗುಂಡುಗಳ ರಾಶಿ ಇದ್ದರೆ, ಮುಳುಗಿದ ಹೊಲದ ಬೇಲಿಗೂಟಗಳು ಇನ್ನೂ ನೆಟ್ಟಗಿದ್ದರೆ ಅವುಗಳ ಸುತ್ತ ಮೀನುಗಳು ನೆಲೆಸುತ್ತವೆ. ಗಾಳ ಹಿಡಿದು ಬೆಳೆದವರಿಗೆಲ್ಲ ಗೊತ್ತಿರುವ ಈ ಸಂಗತಿಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಜಲಾಶಯಗಳಲ್ಲಿ ಕಳೆದ ಎಂಬತ್ತು ತೊಂಬತ್ತು ವರ್ಷಗಳಿಂದ ಒಂದು ಕೆಲಸ ನಡೆದುಬಂದಿದೆ. ಕಡಿದ ಕೊಂಬೆ, ಒರಟು ಹಲಗೆ, ಸಿಮೆಂಟ್ ಇಟ್ಟಿಗೆ, ಪೇಂಟ್ ಡಬ್ಬ, ಪ್ಲಾಸ್ಟಿಕ್ ಪೈಪು ಮುಂತಾಗಿ ಕೈಗೆ ಸಿಕ್ಕ ಅಗ್ಗದ ಸಾಮಾನುಗಳಿಂದ ಮನೆಯಂಗಳದಲ್ಲೇ ಆಸರೆಗಳನ್ನು ಕಟ್ಟಿ ನೀರಿನಲ್ಲಿ ಮುಳುಗಿಸುವುದು ಆ ಕೆಲಸ. ಮೊದಮೊದಲು ಗಾಳದವರು ಗುಟ್ಟಾಗಿ ಮಾಡುತ್ತಿದ್ದದ್ದನ್ನು ಇಂದು ರಾಜ್ಯ ಸರ್ಕಾರಗಳ ಮೀನುಗಾರಿಕೆ ಇಲಾಖೆಗಳೇ ನಕ್ಷೆ ಬರೆದು ಕಲಿಸುತ್ತಿವೆ.

ಇಂಥದೊಂದು ಕೆಲಸ ಬೇಕಾಗಿ ಬಂದದ್ದಕ್ಕೆ ಅಣೆಕಟ್ಟುಗಳೇ ಮುಖ್ಯ ಕಾರಣ. ಟೆನೆಸಿ ಕಣಿವೆಯ ನಾರಿಸ್ ಅಣೆಕಟ್ಟು ಮುಗಿದದ್ದು 1936ರಲ್ಲಿ, ಕೆಂಟಕಿ ಅಣೆಕಟ್ಟು 1944ರಲ್ಲಿ, ಮಿಸೌರಿಯ ಟೇಬಲ್ ರಾಕ್ 1958ರಲ್ಲಿ. ನೀರು ನಿಲ್ಲಿಸುವ ಮೊದಲು ಹಲವೆಡೆ ಕಣಿವೆಯ ಮರಗಳನ್ನು ಕಡಿದು ತೆಗೆದರು. ಉಳಿಸಿದ ಕಡೆ ಮರಗಳು ನಿಂತಲ್ಲೇ ಮುಳುಗಿದವು. ಹೊಸ ಜಲಾಶಯದ ಮೊದಲ ಕೆಲವು ವರ್ಷಗಳಲ್ಲಿ ಮೀನು ಹೇರಳವಾಗಿರುತ್ತದೆ. ಮುಳುಗಿದ ಗಿಡಗಂಟಿಗಳು ಕೊಳೆತು ನೀರಿಗೆ ಸಾರ ಬಿಡುತ್ತವೆ, ಕೊಂಬೆಗಳ ಸಂದಿಯಲ್ಲಿ ಮರಿಗಳು ಬದುಕುತ್ತವೆ. ದಶಕಗಳು ಕಳೆದಂತೆ ಕೊಂಬೆ ಕರಗುತ್ತದೆ, ಬುಡ ಹೂಳಿನಲ್ಲಿ ಹೂತುಹೋಗುತ್ತದೆ. ಪ್ರವಾಹ ತಡೆಗೋ ವಿದ್ಯುತ್ತಿಗೋ ಜಲಾಶಯದ ಮಟ್ಟವನ್ನು ವರ್ಷಕ್ಕೊಮ್ಮೆ ಏರಿಸಿ ಇಳಿಸುವುದರಿಂದ ದಡದ ನೀರಿನಲ್ಲಿ ಜೊಂಡು, ಜಲಸಸ್ಯಗಳು ಬೇರೂರಲು ಸಮಯವೇ ಸಿಗುವುದಿಲ್ಲ. ಕೊನೆಗೆ ಉಳಿಯುವುದು ಮೈಲುಗಟ್ಟಲೆ ಬೋಳು ಮಣ್ಣು. ಶರಾವತಿಯ ಲಿಂಗನಮಕ್ಕಿ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಮೇಲೇಳುವ ಒಣ ಮರಗಳನ್ನು ಕಂಡವರಿಗೆ ಈ ಕಥೆಯ ಮೊದಲರ್ಧ ಪರಿಚಿತ. ಅಮೆರಿಕದ ಹಳೆಯ ಜಲಾಶಯಗಳು ಅದರ ಎರಡನೆಯ ಅರ್ಧಕ್ಕೆ ಬಂದು ನಿಂತಿವೆ.

ಸ್ವಾಭಾವಿಕ ಸರೋವರಗಳ ಸ್ಥಿತಿಯೂ ಪೂರ್ತಿ ಬೇರೆಯಲ್ಲ. ಅಲ್ಲಿ ದಡದ ಕಾಡಿನಿಂದ ಮುದಿಮರಗಳು ನೀರಿಗೆ ಉರುಳುವುದೇ ಮೀನಿಗೆ ಆಸರೆ ದೊರೆಯುವ ಸಹಜ ದಾರಿ. ದಡದಲ್ಲಿ ಮನೆ ಕಟ್ಟಿದವರು ಮರ ಕಡಿಯುತ್ತಾರೆ, ಬಿದ್ದದ್ದನ್ನೂ ದೋಣಿಗೆ ಅಡ್ಡಿಯೆಂದು ಎಳೆದುಹಾಕುತ್ತಾರೆ. ವಿಸ್ಕಾನ್ಸಿನ್‌ನ ಉತ್ತರ ಭಾಗ ಮತ್ತು ಅದಕ್ಕೆ ಹೊಂದಿಕೊಂಡ ಮಿಷಿಗನ್ ಪ್ರದೇಶದ 16 ಸರೋವರಗಳಲ್ಲಿ ವಿಜ್ಞಾನಿಗಳು ದಿಮ್ಮಿಗಳನ್ನು ಎಣಿಸಿ 1996ರಲ್ಲಿ ಪ್ರಕಟಿಸಿದ ಲೆಕ್ಕ ಕಣ್ಣು ತೆರೆಸುವಂಥದು. ಮನೆಗಳಿಲ್ಲದ ಸರೋವರಗಳಲ್ಲಿ ಒಂದು ಕಿಲೋಮೀಟರ್ ದಡಕ್ಕೆ ಸರಾಸರಿ 555 ದಿಮ್ಮಿಗಳಿದ್ದವು, ಮನೆ ಕಟ್ಟಿದ ದಡಗಳಲ್ಲಿ 57.

ದಿಮ್ಮಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿ ನೋಡಿದ್ದಾರೆ. ವಿಸ್ಕಾನ್ಸಿನ್‌ನ ಲಿಟ್ಲ್ ರಾಕ್ ಸರೋವರವನ್ನು ಬೇರೊಂದು ಪ್ರಯೋಗಕ್ಕಾಗಿ ಮೊದಲೇ ಪರದೆಯಿಂದ ಎರಡು ಭಾಗ ಮಾಡಲಾಗಿತ್ತು. 2002ರಲ್ಲಿ ಒಂದು ಭಾಗದಿಂದ ಮುಕ್ಕಾಲು ಪಾಲಿಗೂ ಹೆಚ್ಚು ಮರದ ದಿಮ್ಮಿಗಳನ್ನು ಎತ್ತಿ ತೆಗೆದರು, ಇನ್ನೊಂದನ್ನು ಹಾಗೆಯೇ ಬಿಟ್ಟರು. ದಿಮ್ಮಿ ಕಳೆದುಕೊಂಡ ಭಾಗದಲ್ಲಿ ಪರ್ಚ್ ಎಂಬ ಸಣ್ಣ ಮೀನಿನ ಸಂತತಿ ಕುಸಿದುಬಿತ್ತು. ಅದನ್ನು ತಿಂದು ಬದುಕುತ್ತಿದ್ದ ಬಾಸ್ ಮೀನುಗಳು ದಡದಿಂದ ನೀರಿಗೆ ಬೀಳುವ ಹುಳುಹುಪ್ಪಟೆಗಳನ್ನೇ ಹೆಚ್ಚಾಗಿ ತಿನ್ನತೊಡಗಿದವು, ಅವುಗಳ ಬೆಳವಣಿಗೆಯೂ ನಿಧಾನವಾಯಿತು. ನೀರು ಬದಲಾಗಿರಲಿಲ್ಲ, ಮೀನು ಹಿಡಿಯುವವರೂ ಹೆಚ್ಚಾಗಿರಲಿಲ್ಲ. ಹೋದದ್ದು ಬಿದ್ದ ಮರಗಳು ಮಾತ್ರ.

ಮುಳುಗಿದ ಮರದಿಂದ ಮೀನಿಗೆ ಸಿಗುವುದು ಒಂದೇ ಬಗೆಯ ಲಾಭವಲ್ಲ. ಮೊದಲನೆಯದು ಆಹಾರ. ಯಾವುದೇ ಗಟ್ಟಿ ವಸ್ತು ನೀರಿಗೆ ಬಿದ್ದ ಕೆಲವೇ ದಿನಗಳಲ್ಲಿ ಅದರ ಮೈಮೇಲೆ ಬ್ಯಾಕ್ಟೀರಿಯಾಗಳ ತೆಳು ಲೋಳೆ ಕೂರುತ್ತದೆ. ಬೆಳಕು ತಲುಪುವಷ್ಟು ಆಳದಲ್ಲಿದ್ದರೆ ಅದರ ಮೇಲೆ ಪಾಚಿ ಹಬ್ಬುತ್ತದೆ. ಹಳ್ಳಿಯವರು ಹಾವಸೆ ಎನ್ನುವ ಈ ಪದರವೇ ಇಡೀ ವ್ಯವಸ್ಥೆಯ ತಳಹದಿ. ಹಾವಸೆ ಮೇಯಲು ಬಸವನಹುಳು, ಸೊಳ್ಳೆಯಂಥ ಕೀಟಗಳ ಮರಿಹುಳುಗಳು, ಸಣ್ಣ ಸಿಗಡಿಗಳು ಸೇರುತ್ತವೆ. ಇವನ್ನು ತಿನ್ನಲು ಬ್ಲೂಗಿಲ್‌ನಂಥ ಅಂಗೈಯಗಲದ ಮೀನುಗಳು ಬರುತ್ತವೆ. ಆ ಮೀನುಗಳನ್ನು ನುಂಗಲು ಬಾಸ್ ಬರುತ್ತದೆ. ಒಂದು ಕಂಬಕ್ಕಿಂತ ನೂರು ರೆಂಬೆಗಳುಳ್ಳ ಕೊಂಬೆ ಮೇಲಾಗುವುದು ಇದೇ ಕಾರಣಕ್ಕೆ. ರೆಂಬೆ ಹೆಚ್ಚಿದಷ್ಟೂ ಹಾವಸೆ ಹಿಡಿಯುವ ಮೈ ಹೆಚ್ಚುತ್ತದೆ.

ಎರಡನೆಯ ಲಾಭ ನೆರಳು. ಮೀನು ನೆರಳಿಗೆ ಬರುವುದು ತಂಪಿಗಾಗಿ ಎಂದು ಬಹಳ ಜನ ಭಾವಿಸುತ್ತಾರೆ. ಆದರೆ ಒಂದು ಕೊಂಬೆಯ ನೆರಳಿನಿಂದ ನೀರಿನ ಉಷ್ಣತೆ ಹೆಚ್ಚೇನೂ ಇಳಿಯುವುದಿಲ್ಲ, ಬದಲಾಗುವುದು ನೋಟ. ನ್ಯೂಯಾರ್ಕ್ ರಾಜ್ಯದ ಕ್ಯಾಜನೋವಿಯ ಸರೋವರದಲ್ಲಿ ಮೀನುಗಳನ್ನು ಗಮನಿಸಿದ ವಿಜ್ಞಾನಿ ಜೀನ್ ಹೆಲ್ಫ್‌ಮನ್ 1981ರಲ್ಲಿ ಇದನ್ನು ಅಳತೆಯಿಂದ ತೋರಿಸಿದರು. ನೆರಳಿನಲ್ಲಿರುವ ಕಣ್ಣಿಗೆ ಬಿಸಿಲಿನಲ್ಲಿರುವ ವಸ್ತು ಕಾಣುವ ದೂರ, ಬಿಸಿಲಿನಲ್ಲಿರುವ ಕಣ್ಣಿಗೆ ನೆರಳಿನ ವಸ್ತು ಕಾಣುವ ದೂರದ ಎರಡೂವರೆ ಪಟ್ಟಿಗೂ ಹೆಚ್ಚು. ಅಂದರೆ ನೆರಳಿನಲ್ಲಿ ನಿಂತ ಮೀನು ತನ್ನ ಬೇಟೆಯನ್ನೂ ತನ್ನ ವೈರಿಯನ್ನೂ ಅವು ತನ್ನನ್ನು ಕಾಣುವ ಬಹಳ ಮೊದಲೇ ಕಾಣುತ್ತದೆ. ಹೊಂಚುಹಾಕುವ ಮೀನಿಗೂ ಹೆದರಿ ಅಡಗುವ ಮೀನಿಗೂ ಒಂದೇ ನೆರಳು ಬೇಕಾಗುವುದು ಹೀಗೆ.

ಮೂರನೆಯದು ಸಂದು. ಮರಿಮೀನಿಗೆ ಬೆರಳು ತೂರುವಷ್ಟು ಇಕ್ಕಟ್ಟಾದ ಸಂದು ಬೇಕು, ಅಲ್ಲಿಗೆ ದೊಡ್ಡ ಮೀನಿನ ಬಾಯಿ ಹೋಗುವುದಿಲ್ಲ. ಬೆಳೆದ ಬಾಸ್‌ಗೆ ಮೈ ತಿರುಗಿಸುವಷ್ಟು ಜಾಗ ಬೇಕು. ಒತ್ತೊತ್ತಾಗಿ ಕಟ್ಟಿದ ಪೊದೆಯಲ್ಲಿ ಮರಿಗಳು ಉಳಿಯುತ್ತವೆ, ದೊಡ್ಡವು ಹೊರಗೇ ಸುಳಿಯುತ್ತವೆ. ತೀರ ಬಿಡಿಬಿಡಿಯಾಗಿ ಕಟ್ಟಿದ್ದರಲ್ಲಿ ಮರಿಗಳಿಗೆ ರಕ್ಷಣೆಯಿಲ್ಲ. ಒಳ್ಳೆಯ ಆಸರೆಯಲ್ಲಿ ಎರಡೂ ಇರುತ್ತವೆ, ಅಥವಾ ಎರಡು ಬಗೆಯ ಆಸರೆಗಳು ಅಕ್ಕಪಕ್ಕದಲ್ಲಿರುತ್ತವೆ. ಮನೆಯಲ್ಲಿ ಕಟ್ಟುವವರು ಹೆಚ್ಚಾಗಿ ಮರೆಯುವುದು ಇದನ್ನೇ. ದೊಡ್ಡ ಮೀನು ಬರಲಿ ಎಂಬ ಆಸೆಗೆ ದೊಡ್ಡ ಮೀನಿಗೆ ಒಪ್ಪುವಂತೆ ಮಾತ್ರ ಕಟ್ಟುತ್ತಾರೆ, ಅದು ತಿನ್ನಬೇಕಾದ ಸಣ್ಣ ಮೀನಿನ ಗೊಡವೆಗೆ ಹೋಗುವುದಿಲ್ಲ.

ಈ ತಿಳಿವಳಿಕೆಗೆ ಶಾಸ್ತ್ರದ ರೂಪ ಬಂದದ್ದು 1930ರ ದಶಕದಲ್ಲಿ, ಮಿಷಿಗನ್ ರಾಜ್ಯದಲ್ಲಿ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ಕೇಂದ್ರ ಸರ್ಕಾರ ಕಟ್ಟಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ದಳಗಳು ಅಲ್ಲಿನ ಸರೋವರಗಳಲ್ಲಿ ಕೊಂಬೆಗಳ ಹೊರೆಗಳನ್ನು ಮುಳುಗಿಸಿದವು. ಕಾರ್ಲ್ ಹಬ್ಸ್ ಮತ್ತು ವಿಲಿಯಂ ಎಶ್‌ಮೇಯರ್ 1938ರಲ್ಲಿ ಸರೋವರಗಳ ಸುಧಾರಣೆ ಕುರಿತು ಬರೆದ ಕೈಪಿಡಿಯಲ್ಲಿ ಇಂಥ ಆಸರೆಗಳನ್ನು ಕಟ್ಟುವ ವಿಧಾನ ವಿವರವಾಗಿ ದಾಖಲಾಯಿತು. ಅಂದಿನಿಂದ ಸಾಮಾನುಗಳು ಬದಲಾಗಿವೆ, ತತ್ತ್ವ ಬದಲಾಗಿಲ್ಲ.

ಎಲ್ಲಕ್ಕಿಂತ ಅಗ್ಗದ್ದು, ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಕೊಂಬೆಗಳ ಹೊರೆ. ಆಗತಾನೆ ಕಡಿದ ಹಸಿಮರ ಒಣಮರಕ್ಕಿಂತ ಭಾರ, ಆದ್ದರಿಂದ ಬೇಗ ಮುಳುಗುತ್ತದೆ. ಒಣಕೊಂಬೆಯನ್ನು ಮುಳುಗಿಸಲು ಹೆಚ್ಚು ತೂಕ ಕಟ್ಟಬೇಕು. ಇಲ್ಲೊಂದು ಲೆಕ್ಕ ನೆನಪಿಡಬೇಕು. ಕಾಂಕ್ರೀಟಿನ ಸಾಂದ್ರತೆ ನೀರಿನದರ ಸುಮಾರು 2.4 ಪಟ್ಟು. ದಡದ ಮೇಲೆ 15 ಕಿಲೋ ತೂಗುವ ಸಿಮೆಂಟ್ ಇಟ್ಟಿಗೆ ನೀರಿನೊಳಗೆ 9 ಕಿಲೋಗಿಂತ ಕಡಿಮೆ ಎಳೆತ ಕೊಡುತ್ತದೆ. ದಡದಲ್ಲಿ ಸಾಕೆನಿಸಿದ ಭಾರ ನೀರಿನಲ್ಲಿ ಸಾಲದೆ ಹೊರೆ ತೇಲಿ ಊರು ಸುತ್ತುವುದು ಈ ವ್ಯತ್ಯಾಸದಿಂದ. ಮರ ನೀರು ಕುಡಿದು ತಾನಾಗಿ ಭಾರವಾಗುವವರೆಗೆ ಇಟ್ಟಿಗೆ ಅದನ್ನು ಹಿಡಿದಿಡಬೇಕು. ಹೀಗಾಗಿ ಹಗ್ಗ ಬೇಗ ಕೊಳೆಯುವಂಥದ್ದಾಗಿರಬಾರದು. ಸೆಣಬಿಗಿಂತ ನೈಲಾನ್ ಹಗ್ಗವನ್ನು ಆರಿಸಿಕೊಳ್ಳುತ್ತಾರೆ. ಬುಡಕ್ಕೆ ಮಾತ್ರ ಇಟ್ಟಿಗೆ ಕಟ್ಟಿದರೆ ಮರ ನಿಂತುಕೊಳ್ಳುತ್ತದೆ, ಬುಡಕ್ಕೂ ತಲೆಗೂ ಕಟ್ಟಿದರೆ ಮಲಗುತ್ತದೆ.

ಅಮೆರಿಕದಲ್ಲಿ ಜನವರಿ ಬಂತೆಂದರೆ ಲಕ್ಷಾಂತರ ಕ್ರಿಸ್‌ಮಸ್ ಮರಗಳು ಮನೆಗಳಿಂದ ಹೊರಬೀಳುತ್ತವೆ. ಆರ್ಕನ್ಸಾದಂಥ ರಾಜ್ಯಗಳಲ್ಲಿ ವನ್ಯಜೀವಿ ಇಲಾಖೆ ಇವನ್ನು ತಂದುಹಾಕಲು ಜಾಗ ಗೊತ್ತುಮಾಡುತ್ತದೆ. ಬೇಕಾದವರು ಅಲ್ಲಿಂದ ಒಯ್ದು ಜಲಾಶಯದಲ್ಲಿ ಮುಳುಗಿಸಬಹುದು. ಅಲಂಕಾರದ ತಗಡು, ದಾರ, ಕೃತಕ ಹಿಮದ ಚೂರು ಯಾವುದೂ ಉಳಿಯದಂತೆ ಮೊದಲು ಬಿಡಿಸಬೇಕು. ಇಂಥ ಮರ ಬಹಳ ಒತ್ತು, ಮರಿಮೀನಿಗೆ ಹೇಳಿ ಮಾಡಿಸಿದ್ದು. ಆದರೆ ಸೂಜಿಯೆಲೆಗಳು ಬೇಗ ಉದುರುತ್ತವೆ, ಸಣ್ಣ ರೆಂಬೆಗಳು ಕೆಲವೇ ವರ್ಷಗಳಲ್ಲಿ ಮುರಿಯುತ್ತವೆ, ಹಾಗಾಗಿ ಆಗಾಗ ಹೊಸದನ್ನು ಸೇರಿಸುತ್ತಿರಬೇಕಾಗುತ್ತದೆ. ಕೊಳೆತಕ್ಕೆ ಸುಲಭವಾಗಿ ಜಗ್ಗದ ಕೆಂಪು ಸೀಡರ್ ಮತ್ತು ಓಕ್‌ನಂಥ ಗಟ್ಟಿಮರಗಳು ಹೆಚ್ಚು ಕಾಲ ಬಾಳುತ್ತವೆ. ಚಿಕ್ಕ ಹೊಂಡಗಳಲ್ಲಿ ಹಸಿರೆಲೆ ತುಂಬಿದ ಕೊಂಬೆಗಳನ್ನು ಒಮ್ಮೆಲೇ ರಾಶಿ ಹಾಕುವುದು ಅಪಾಯ. ಎಲೆ ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗಿ, ಕರೆತರಬೇಕೆಂದಿದ್ದ ಮೀನೇ ಸತ್ತು ತೇಲೀತು.

ಕೆಂಟಕಿ ಜಲಾಶಯದಲ್ಲಿ ಹೆಸರಾದದ್ದು ಗೂಟಗಳ ಮಡಿ. ಆಳವಿಲ್ಲದ ಮಣ್ಣಿನ ತಳದಲ್ಲಿ ಮರದ ಗೂಟಗಳನ್ನು ಒತ್ತಾಗಿ, ಚೌಕಾಕಾರದಲ್ಲಿ ಬಡಿದು ನಿಲ್ಲಿಸುತ್ತಾರೆ. ನೇರ ಕಂಬಗಳ ನಡುವೆ ನಿಲ್ಲಲು ಇಷ್ಟಪಡುವ ಕ್ರ್ಯಾಪಿ ಮೀನಿಗೆಂದೇ ಮಾಡಿದ ವಿಧಾನ ಇದು. ಚಳಿಗಾಲದಲ್ಲಿ ಜಲಾಶಯದ ಮಟ್ಟ ಇಳಿದು ತಳ ಒಣಗಿದಾಗ ನಡೆದುಕೊಂಡೇ ಹೋಗಿ ಗೂಟ ಬಡಿದು ಬರಬಹುದು, ದೋಣಿಯೂ ಬೇಡ.

ಬಕೆಟ್ ಮರ ಎನ್ನಬಹುದಾದ ಇನ್ನೊಂದು ವಿಧಾನ ಮನೆಯಲ್ಲಿ ಕೆಲಸ ಮಾಡುವವರಿಗೆ ಅಚ್ಚುಮೆಚ್ಚು. ಸುಮಾರು 20 ಲೀಟರಿನ ಹಳೆಯ ಪೇಂಟ್ ಡಬ್ಬವನ್ನು ಚೆನ್ನಾಗಿ ತೊಳೆದು ಮೂರನೆಯ ಒಂದರಿಂದ ಅರ್ಧದವರೆಗೆ ಕಾಂಕ್ರೀಟು ತುಂಬುತ್ತಾರೆ. ಅದು ಗಟ್ಟಿಯಾಗುವ ಮೊದಲು ಹತ್ತು ಹದಿನೈದು ತುಂಡು ಕಪ್ಪು ನೀರಾವರಿ ಪೈಪನ್ನೋ ಪಿವಿಸಿ ಪೈಪನ್ನೋ ಬೇರೆಬೇರೆ ಕೋನದಲ್ಲಿ ಊರುತ್ತಾರೆ. ಬಾಗುವ ಪೈಪುಗಳು ಹೊರಕ್ಕೆ ಹರಡಿಕೊಂಡು ಪೊದೆಯ ಆಕಾರ ತಾಳುತ್ತವೆ. ನೇರ ಪೈಪಿಗೆ ರಂಧ್ರ ಕೊರೆದು ಅಡ್ಡಕಡ್ಡಿ ತೂರಿಸಿದರೆ ರೆಂಬೆಗಳಾಗುತ್ತವೆ. ಎರಡು ಎಚ್ಚರಿಕೆಗಳಿವೆ. ಪೈಪಿನ ತುದಿ ಮುಚ್ಚಿದ್ದರೆ ಒಳಗಿನ ಗಾಳಿ ಅದನ್ನು ಮೇಲೆತ್ತುತ್ತದೆ, ಆದ್ದರಿಂದ ಗಾಳಿ ಹೊರಬರಲು ತೂತು ಬೇಕು. ಹೊಸ ಕಾಂಕ್ರೀಟು ಸುಣ್ಣದ ಕ್ಷಾರವನ್ನು ನೀರಿಗೆ ಬಿಡುತ್ತದೆ, ಕೆಲವು ವಾರ ನೀರು ಹಾಕಿ ಹದಗೊಳಿಸಿದ ನಂತರವೇ ಮುಳುಗಿಸುವುದು ಒಳ್ಳೆಯದು.

ಜಾರ್ಜಿಯಾ ರಾಜ್ಯದ ಇಲಾಖೆ ರೂಢಿಗೆ ತಂದ ಚೌಕಗೂಡು ಇದಕ್ಕಿಂತ ಸ್ವಲ್ಪ ದೊಡ್ಡ ಕೆಲಸ. ಪಿವಿಸಿ ಪೈಪಿನಿಂದ ಆಳೆತ್ತರಕ್ಕೆ ಹತ್ತಿರದ ಘನಾಕಾರದ ಚೌಕಟ್ಟು ಮಾಡಿ, ಅದರೊಳಗೆ ಗೆರೆಗೆರೆಯ ಕಪ್ಪು ಚರಂಡಿ ಪೈಪನ್ನು ಸುತ್ತಿಸಿ ಹೆಣೆಯುತ್ತಾರೆ. ಏರಿಳಿತದ ಆ ಮೈಮೇಲೆ ಹಾವಸೆ ಚೆನ್ನಾಗಿ ಹಿಡಿಯುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಇನ್ನೂ ಮರವನ್ನೇ ನೆಚ್ಚಿದ್ದಾರೆ. ಅಲ್ಲಿನ ಮೀನುಗಾರಿಕೆ ಆಯೋಗದ ಮುಳ್ಳುಹಂದಿ ಪೆಟ್ಟಿಗೆಯಲ್ಲಿ ಗರಗಸದಿಂದ ಸೀಳಿದ ಒರಟು ಪಟ್ಟಿಗಳನ್ನು ಅಡ್ಡಡ್ಡ ಪೇರಿಸಿ ಮೊಳೆ ಹೊಡೆದು, ತುದಿಗಳು ಎಲ್ಲ ಕಡೆ ಚಾಚುವಂತೆ ಬಿಟ್ಟು, ಸಿಮೆಂಟ್ ಇಟ್ಟಿಗೆ ಕಟ್ಟಿ ಮುಳುಗಿಸುತ್ತಾರೆ. ಪಟ್ಟಿಗಳ ನಡುವಿನ ಸಂದು ಮರಿಮೀನಿನ ಅಳತೆಗೆ ಲೆಕ್ಕ ಹಾಕಿದ್ದು. ವಿಸ್ಕಾನ್ಸಿನ್‌ನಲ್ಲಿ ಚಳಿಗಾಲದ ಹೆಪ್ಪುಗಟ್ಟಿದ ಸರೋವರದ ಮೇಲೆ ಇಡೀ ಮರಗಳನ್ನು ಎಳೆದು ತಂದು, ಮೂರು ನಾಲ್ಕರ ಗುಂಪು ಮಾಡಿ, ಬುಡವನ್ನು ದಡಕ್ಕೆ ತಂತಿಹಗ್ಗದಿಂದ ಬಿಗಿಯುತ್ತಾರೆ. ವಸಂತದಲ್ಲಿ ಮಂಜು ಕರಗಿದಾಗ ಮರ ಇದ್ದಲ್ಲೇ ನೀರಿಗೆ ಇಳಿಯುತ್ತದೆ. ಸಹಜವಾಗಿ ಉರುಳಿದ ಮರಕ್ಕೆ ಇಷ್ಟು ಹತ್ತಿರವಾದ ವಿಧಾನ ಮತ್ತೊಂದಿಲ್ಲ.

ಬೆಕ್ಕಿನ ಮೀಸೆಯ ಕ್ಯಾಟ್‌ಫಿಶ್‌ಗಳಿಗೆ ಬೇಕಾದದ್ದು ಕೊಂಬೆಯಲ್ಲ, ಬಿಲ. ಒಡೆದ ಜೇಡಿಮಣ್ಣಿನ ಪೈಪು, ಒಂದು ತುದಿ ಮುಚ್ಚಿದ ಅಗಲ ಕೊಳವೆ ತಳದಲ್ಲಿಟ್ಟರೆ ಅದರೊಳಗೆ ಮೊಟ್ಟೆಯಿಡುತ್ತವೆ, ಗಂಡು ಮೀನು ಕಾವಲು ಕಾಯುತ್ತದೆ. ಕಲ್ಲು ಸಿಗುವ ಕಡೆ ಕಲ್ಲಿನ ರಾಶಿಗೆ ಸಮನಾದದ್ದು ಯಾವುದೂ ಇಲ್ಲ. ಅದು ಕೊಳೆಯುವುದಿಲ್ಲ, ತೇಲುವುದಿಲ್ಲ, ಹೊರುವ ಶ್ರಮ ಬಿಟ್ಟರೆ ಬೇರೆ ಖರ್ಚಿಲ್ಲ.

ನೀರಿಗೆ ಹಾಕಬಾರದ ವಸ್ತುಗಳು ಯಾವುವು ಎಂಬುದನ್ನು ಜಗತ್ತು ದೊಡ್ಡ ಬೆಲೆ ತೆತ್ತು ಕಲಿತಿದೆ. 1970ರ ದಶಕದಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಬಳಿ ಸಮುದ್ರದಲ್ಲಿ ಆಸ್‌ಬಾರ್ನ್ ರೀಫ್ ಹೆಸರಿನಲ್ಲಿ 20 ಲಕ್ಷಕ್ಕೂ ಹೆಚ್ಚು ಹಳೆಯ ಟೈರುಗಳನ್ನು ಮೀನಿನ ನೆಲೆಯಾಗಲೆಂದು ಸುರಿದರು. ಕಟ್ಟಿದ ಪಟ್ಟಿಗಳು ತುಕ್ಕು ಹಿಡಿದು ಕಡಿದವು, ಬಿಡಿ ಟೈರುಗಳು ಉರುಳಾಡಿ ಪಕ್ಕದ ನಿಜವಾದ ಹವಳದ ದಿಬ್ಬಗಳನ್ನೇ ಉಜ್ಜಿ ಹಾಳುಮಾಡಿದವು. ಅವನ್ನು ಎತ್ತಿ ತೆಗೆಯುವ ಕೆಲಸ ಹೊಸ ಶತಮಾನದಲ್ಲೂ ಮುಂದುವರಿಯಿತು. ಹಳೆಯ ಫ್ರಿಜ್, ಬಣ್ಣ ಬಳಿದ ಬಾಗಿಲು, ಎಣ್ಣೆ ಡ್ರಮ್ಮು ಇವೆಲ್ಲ ಇದೇ ಸಾಲಿನವು. ಗೆದ್ದಲು ಹತ್ತದಂತೆ ಆರ್ಸೆನಿಕ್, ಕ್ರೋಮಿಯಂ, ತಾಮ್ರದ ಲವಣಗಳನ್ನು ಹೀರಿಸಿದ ಮರವನ್ನು ಅಮೆರಿಕದಲ್ಲಿ 2003ರ ಕೊನೆಯಿಂದ ಮನೆಬಳಕೆಗೆ ನಿಲ್ಲಿಸಲಾಗಿದೆ, ಆದರೆ ಹಳೆಯ ಜಗುಲಿಗಳನ್ನು ಕಿತ್ತಾಗ ಅದು ಈಗಲೂ ಸಿಗುತ್ತದೆ. ಸರಕು ಸಾಗಿಸುವ ಮರದ ಪ್ಯಾಲೆಟ್‌ಗಳ ಮೇಲಿನ ಮುದ್ರೆ ನೋಡಬೇಕು. ಶಾಖದಿಂದ ಶುದ್ಧಿಮಾಡಿದ್ದಕ್ಕೆ ಎಚ್‌ಟಿ ಎಂಬ ಗುರುತಿರುತ್ತದೆ, ಮೀಥೈಲ್ ಬ್ರೋಮೈಡ್ ವಿಷ ಹಾಯಿಸಿದ್ದಕ್ಕೆ ಎಂಬಿ ಎಂದಿರುತ್ತದೆ. ಎರಡನೆಯದು ನೀರಿಗೆ ಬೇಡ.

ಪ್ಲಾಸ್ಟಿಕ್ ಪೈಪಿನ ವಿಷಯದಲ್ಲಿ ವಾದ ಮುಗಿದಿಲ್ಲ. ಅದು ದಶಕಗಟ್ಟಲೆ ಬಾಳುತ್ತದೆ, ನುಣುಪಾದ್ದರಿಂದ ಗಾಳದ ಕೊಕ್ಕೆ ಸಿಕ್ಕಿಕೊಳ್ಳುವುದು ಕಡಿಮೆ. ಆದರೆ ಮುರಿದ ಪ್ಲಾಸ್ಟಿಕ್ ನೀರಿನಲ್ಲೇ ಉಳಿಯುವ ಕಸ. ಮರ ಕೊಳೆತು ಕೆರೆಯ ಆಹಾರವಾಗುತ್ತದೆ. ಮತ್ತೆ ಮತ್ತೆ ಹಾಕುವ ಶ್ರಮಕ್ಕೆ ಸಿದ್ಧರಿರುವವರಿಗೆ ಮರವೇ ಮೇಲು.

ಎಷ್ಟು ಚೆನ್ನಾಗಿ ಕಟ್ಟಿದರು ಎನ್ನುವುದಕ್ಕಿಂತ ಎಲ್ಲಿ ಇಟ್ಟರು ಎನ್ನುವುದು ಮುಖ್ಯ. ಬೇಸಿಗೆಯಲ್ಲಿ ಆಳವಾದ ಜಲಾಶಯದ ನೀರು ಎರಡು ಪದರವಾಗುತ್ತದೆ. ಬೆಚ್ಚಗಿನ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ. ಎರಡೂ ಬೆರೆಯದೆ ಕೆಳಪದರದ ಆಮ್ಲಜನಕ ತಿಂಗಳುಗಳಲ್ಲಿ ತೀರಿಹೋಗುತ್ತದೆ. ಆ ಗಡಿಗಿಂತ ಕೆಳಗೆ ಇಟ್ಟ ಆಸರೆ ಎಷ್ಟೇ ಸೊಗಸಾಗಿದ್ದರೂ ಬೇಸಿಗೆಯುದ್ದಕ್ಕೂ ಖಾಲಿ. ಗಡಿಯ ಆಳ ಜಲಾಶಯದಿಂದ ಜಲಾಶಯಕ್ಕೆ ಬೇರೆಯಾಗಿರುತ್ತದೆ, ದೋಣಿಯ ಸೋನಾರ್‌ನಲ್ಲಿ ಅದು ಗೆರೆಯಂತೆ ಕಾಣುವುದುಂಟು. ಇನ್ನೊಂದು ಕಡೆ, ಮಟ್ಟ ಇಳಿದಾಗ ಬಯಲಿಗೆ ಬೀಳುವಷ್ಟು ಮೇಲೆ ಇಟ್ಟರೂ ವ್ಯರ್ಥ. ಇವೆರಡರ ನಡುವಿನ ಪಟ್ಟಿಯಲ್ಲಿ ಹಂತಹಂತವಾಗಿ ಇಡುತ್ತಾರೆ. ವಸಂತದಲ್ಲಿ ಮೊಟ್ಟೆಯಿಡಲು ದಡಕ್ಕೆ ಬರುವ ಮೀನುಗಳಿಗೆ ಕೆಲವು ದಡದ ಹತ್ತಿರ, ಸೆಕೆಗೆ ಆಳಕ್ಕೆ ಸರಿಯುವವಕ್ಕೆ ಕೆಲವು ಮುಂದೆ.

ಮೀನು ಬೋಳು ಬಯಲನ್ನು ದಾಟಲು ಹೆದರುತ್ತದೆ. ಜಲಾಶಯ ಆಗುವ ಮೊದಲು ಹರಿಯುತ್ತಿದ್ದ ಹಳ್ಳದ ಪಾತ್ರದ ಅಂಚು, ತಳ ಥಟ್ಟನೆ ಇಳಿಯುವ ಜಾಗ, ನೀರಿಗೆ ಚಾಚಿದ ಗುಡ್ಡದ ಮೂಗು, ಇವು ಅದು ಓಡಾಡುವ ದಾರಿಗಳು. ಈ ದಾರಿಯ ಮೇಲೆ ಇಟ್ಟ ನಾಲ್ಕು ಹೊರೆಗಳು ಬಯಲಿನ ನಡುವೆ ಇಟ್ಟ ನಲವತ್ತಕ್ಕಿಂತ ಮೇಲು. ಹೊಸ ಜಾಗ ಹುಡುಕಿ ಒಂದೊಂದನ್ನು ಚೆಲ್ಲಾಡುವ ಬದಲು ಕೆಲವನ್ನು ಒಂದೆಡೆ ಗುಂಪಾಗಿ ಇಡುವುದು ವಾಡಿಕೆ. ಕೆಸರು ಬಹಳ ಮೆತ್ತಗಿರುವಲ್ಲಿ ಭಾರದ ಆಸರೆ ಹೂತುಹೋಗುತ್ತದೆ. ಉದ್ದ ಕೋಲಿನಿಂದ ಚುಚ್ಚಿ ತಳ ನೋಡಿಕೊಂಡೇ ಇಳಿಸಬೇಕು.

ಇದ್ಯಾವುದನ್ನೂ ಮನಸ್ಸಿಗೆ ಬಂದಂತೆ ಮಾಡಲಾಗದು. ಅಮೆರಿಕದ ದೊಡ್ಡ ಜಲಾಶಯಗಳು ಸೈನ್ಯದ ಎಂಜಿನಿಯರ್ ದಳದ್ದೋ ವಿದ್ಯುತ್ ಕಂಪನಿಯದ್ದೋ ರಾಜ್ಯದ್ದೋ ಆಗಿರುತ್ತವೆ. ಅನುಮತಿಯಿಲ್ಲದೆ ಮುಳುಗಿಸಿದ್ದನ್ನು ಕಾನೂನು ಕಸ ಸುರಿದಂತೆಯೇ ಪರಿಗಣಿಸಬಹುದು. ಮಟ್ಟ ತೀರ ಇಳಿದಾಗಲೂ ಆಸರೆಯ ತುದಿ ದೋಣಿಯ ಅಡಿಗೆ ತಾಗಬಾರದು, ಈಜುವ ಜಾಗ ಮತ್ತು ದೋಣಿ ಇಳಿಸುವ ಜಾಗದ ಹತ್ತಿರ ಇರಬಾರದು. ಒಂದು ಜಲಾಶಯದಿಂದ ಎತ್ತಿದ ಆಸರೆಯನ್ನು ಇನ್ನೊಂದಕ್ಕೆ ಒಯ್ಯಬಾರದು. 2007ರಲ್ಲಿ ಕೊಲರಾಡೋ ನದಿಯ ಜಲಾಶಯಗಳಲ್ಲಿ ಕಾಣಿಸಿಕೊಂಡ ಕ್ವಾಗಾ ಎಂಬ ಹೊರಗಿನ ಚಿಪ್ಪುಜೀವಿ ಗಟ್ಟಿ ವಸ್ತುಗಳಿಗೆ ಕಚ್ಚಿಕೊಂಡೂ ಹರಡುತ್ತದೆ.

ಸಾವಿರಾರು ಜನ ಕೈಜೋಡಿಸಿದಾಗ ಈ ಮನೆಗೆಲಸ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ಅದೇ ಕೊಲರಾಡೋ ನದಿಯ ಹವಾಸು ಜಲಾಶಯ ತೋರಿಸಿದೆ. ಅರಿಜೋನ ಮತ್ತು ಕ್ಯಾಲಿಫೋರ್ನಿಯಾ ಗಡಿಯ ಮರುಭೂಮಿಯಲ್ಲಿರುವ ಆ ಜಲಾಶಯದ ದಡದಲ್ಲಿ ಬೀಳಲು ಮರಗಳೇ ಇಲ್ಲ. 1992ರಲ್ಲಿ ಆರಂಭವಾದ ಯೋಜನೆಯಲ್ಲಿ ಸರ್ಕಾರಿ ಸಂಸ್ಥೆಗಳೂ ಗಾಳದವರ ಸಂಘಗಳೂ ಸ್ವಯಂಸೇವಕರೂ ಸೇರಿ 42 ಕೊಲ್ಲಿಗಳಲ್ಲಿ ಒಟ್ಟು 875 ಎಕರೆಯಷ್ಟು ತಳಕ್ಕೆ ಆಸರೆ ಒದಗಿಸಿದರು. ಟೇಬಲ್ ರಾಕ್ ಪ್ರದೇಶದಲ್ಲಿ ಮಿಸೌರಿ ಇಲಾಖೆ 2007ರಿಂದ 2013ರವರೆಗೆ 2 ಸಾವಿರಕ್ಕೂ ಹೆಚ್ಚು ಆಸರೆಗಳನ್ನು ಇರಿಸಿ, ಪ್ರತಿಯೊಂದೂ ಎಲ್ಲಿದೆ ಎಂಬ ಜಿಪಿಎಸ್ ವಿವರವನ್ನು ಸಾರ್ವಜನಿಕರಿಗೆ ಕೊಟ್ಟಿತು. ದಡದ ಮರವನ್ನೂ ಗುಡ್ಡವನ್ನೂ ಗುರುತಿಟ್ಟುಕೊಂಡು ಗಾಳದವನು ತನ್ನ ಹೊರೆ ಇರುವ ಜಾಗವನ್ನು ಮಗನಿಗೆ ಮಾತ್ರ ಹೇಳುತ್ತಿದ್ದ ಕಾಲದಿಂದ ಇದು ಬಹಳ ದೂರದ ನಡೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆಸರೆಯಿಂದ ಮೀನು ಹೆಚ್ಚುತ್ತದೆಯೋ, ಇದ್ದ ಮೀನೇ ಒಂದೆಡೆ ಸೇರುತ್ತದೆಯೋ? ಸಮುದ್ರದ ಕೃತಕ ದಿಬ್ಬಗಳ ಬಗ್ಗೆ ಜೇಮ್ಸ್ ಬಾನ್‌ಸ್ಯಾಕ್ 1989ರಲ್ಲಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದರು, ಅದು ಕೆರೆಗೂ ಅಷ್ಟೇ ಸಲ್ಲುತ್ತದೆ. ಮರಿಗಳಿಗೆ ಅಡಗಲು ಜಾಗವಿಲ್ಲದೆ ಸಂತತಿ ಕುಗ್ಗಿದ್ದರೆ ಆಸರೆಯಿಂದ ಸಂಖ್ಯೆ ನಿಜಕ್ಕೂ ಹೆಚ್ಚಬಹುದು. ಮೀನು ಕಡಿಮೆಯಾದದ್ದು ಅತಿಯಾಗಿ ಹಿಡಿದದ್ದರಿಂದ ಎಂದಾದರೆ, ಆಸರೆ ಉಳಿದವನ್ನೂ ಗಾಳದ ಬುಡಕ್ಕೆ ತಂದು ನಿಲ್ಲಿಸುತ್ತದೆ. ಕರ್ನಾಟಕದ ಕರಾವಳಿಯಲ್ಲಿ ನಡೆದಿರುವ ಜಗಳ ಇದಕ್ಕೆ ಹತ್ತಿರದ ಉದಾಹರಣೆ. ತೆಂಗಿನ ಹೊಂಬಾಳೆಯ ಒಣಕಡ್ಡಿ, ಪ್ಲಾಸ್ಟಿಕ್ ಹಾಳೆಗಳನ್ನು ಮರಳಿನ ಚೀಲಕ್ಕೆ ಕಟ್ಟಿ ಕಡಲಿಗೆ ಇಳಿಸಿದರೆ ಕಪ್ಪೆ ಬೊಂಡಾಸಗಳು (ಕಟಲ್‌ಫಿಶ್) ಮೊಟ್ಟೆಯಂಟಿಸಲು ಅಲ್ಲಿಗೆ ಬರುತ್ತವೆ. ಹಾಗೆ ಬಂದ ದೊಡ್ಡ ಬೊಂಡಾಸಗಳನ್ನು ಹೊರಗಿನಿಂದ ಬಂದ ದೋಣಿಗಳು ಗಾಳದಿಂದ ಎತ್ತಿಕೊಂಡಾಗ, ಮುಂದಿನ ಪೀಳಿಗೆಯೇ ಹೋಗುತ್ತದೆಂದು ಸ್ಥಳೀಯ ಮೀನುಗಾರರು ವಿರೋಧಿಸಿದರು. ಕಟ್ಟುವ ಕೈಗೂ ಹಿಡಿಯುವ ಕೈಗೂ ಒಂದೇ ನಿಯಮ ಇಲ್ಲದಿದ್ದರೆ ಆಸರೆ ಬಲೆಯಾಗುತ್ತದೆ.

ಹವ್ಯಾಸಕ್ಕಲ್ಲದೆ ಹೊಟ್ಟೆಪಾಡಿಗಾಗಿ ಇದನ್ನು ಮಾಡಿಕೊಂಡು ಬಂದ ಜನ ಬೇರೆಡೆ ಬಹಳ ಹಿಂದಿನಿಂದ ಇದ್ದಾರೆ. ಪಶ್ಚಿಮ ಆಫ್ರಿಕದ ಬೆನಿನ್‌ನ ನೊಕೂ ಸರೋವರದಲ್ಲಿ ಆಳವಿಲ್ಲದ ನೀರಿಗೆ ಕೊಂಬೆಗಳನ್ನು ಒತ್ತಾಗಿ ನೆಟ್ಟು ಅಕಾಜಾ ಎಂಬ ತೋಪುಗಳನ್ನು ಮಾಡುತ್ತಾರೆ. ತಿಂಗಳುಗಳ ನಂತರ ಸುತ್ತ ಬಲೆ ಬಿಗಿದು, ಕೊಂಬೆ ಕಿತ್ತು, ಮೀನು ಹಿಡಿಯುತ್ತಾರೆ. ರಾಬಿನ್ ವೆಲ್‌ಕಮ್ 1972ರಲ್ಲಿ ಇದನ್ನು ಅಧ್ಯಯನ ಮಾಡಿ ಪ್ರಕಟಿಸಿದ ಬರಹದಿಂದ ವಿಜ್ಞಾನಲೋಕದ ಗಮನ ಇತ್ತ ಹರಿಯಿತು. ಕೊಂಬೆಗಾಗಿ ದಡದ ಕಾಡು ಬರಿದಾದದ್ದೂ ಅದೇ ಕಥೆಯ ಭಾಗ. ಬಾಂಗ್ಲಾದೇಶದಲ್ಲಿ ಕೊಂಬೆ ಹಾಕಿ ಮೀನು ಕೂಡಿಸುವ ಪದ್ಧತಿಗೆ ಕಾಠಾ ಎನ್ನುತ್ತಾರೆ. ಮಣಿಪುರದ ಲೋಕ್ತಕ್ ಸರೋವರದಲ್ಲಿ ತೇಲುವ ಸಸ್ಯರಾಶಿಯನ್ನೇ ಬಳೆಯಾಕಾರದಲ್ಲಿ ಕಟ್ಟಿ ಅಥಾಫುಮ್ ಮಾಡುತ್ತಿದ್ದರು. ಅವು ಸರೋವರವನ್ನೇ ಮುಚ್ಚುವಷ್ಟು ಹೆಚ್ಚಿದಾಗ 2006ರ ಕಾಯಿದೆಯಡಿ ತೆಗೆಸಬೇಕಾಯಿತು.

ಕೊಂಬೆಯ ಮೇಲಿನ ಹಾವಸೆಯನ್ನೇ ಮೀನಿನ ಮೇವಾಗಿ ಬಳಸುವ ಸಂಶೋಧನೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲೂ ನಡೆದಿದೆ. ಪಿ. ಕೇಶವನಾಥ್ ಮತ್ತು ಸಂಗಡಿಗರು ಬಿದಿರು, ಪಿವಿಸಿ ಪೈಪು, ಕಬ್ಬಿನ ಸಿಪ್ಪೆಯ ಕಟ್ಟುಗಳನ್ನು ತೊಟ್ಟಿಗಳಲ್ಲಿ ನಿಲ್ಲಿಸಿ ಹೋಲಿಸಿ ನೋಡಿದರು. ಮಹಸೀರ್ ಮತ್ತು ಲೇಬಿಯೋ ಫಿಂಬ್ರಿಯೇಟಸ್ ಎಂಬ ನಾಡಿನ ಗೆಂಡೆ ಮೀನುಗಳ ಮೇಲೆ ನಡೆದ ಈ ಪ್ರಯೋಗಗಳ ಫಲ 2001 ಮತ್ತು 2002ರಲ್ಲಿ ಪ್ರಕಟವಾಯಿತು. ಹಿಂಡಿ, ತೌಡಿನ ಖರ್ಚು ಭರಿಸಲಾಗದ ಸಣ್ಣ ಸಾಕಣೆಗಾರನಿಗೆ ಹಿತ್ತಲಿನ ಬಿದಿರು ಮೇವು ಬೆಳೆಯುವ ಹೊಲವಾಗಬಲ್ಲದು ಎಂಬುದು ಈ ಕೆಲಸದ ಹಿಂದಿನ ಆಲೋಚನೆ.

ಕರ್ನಾಟಕದ ಕೆರೆಗಳಿಗೆ ಅಮೆರಿಕದ ಕ್ರಮವನ್ನು ಹಾಗೆಯೇ ಎತ್ತಿ ತರಲಾಗದು. ಇಲ್ಲಿ ಕೆರೆಯ ಮೀನನ್ನು ಗುತ್ತಿಗೆ ಹಿಡಿದವರು ಬಲೆ ಎಳೆದು ಹಿಡಿಯುತ್ತಾರೆ, ಗಾಳದಿಂದಲ್ಲ. ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೆರೆಯಂಗಳಗಳಲ್ಲಿ ನೆಟ್ಟ ಕರಿಜಾಲಿ ಮರಗಳು ನೀರು ತುಂಬಿದಾಗ ಮೀನಿಗೂ ಹಕ್ಕಿಗೂ ಒಳ್ಳೆಯ ನೆಲೆ, ಆದರೆ ಎಳೆಬಲೆ ಅಲ್ಲಿ ಸಿಕ್ಕಿ ಹರಿಯುತ್ತದೆ. ತಳದಲ್ಲಿ ಶಾಶ್ವತವಾಗಿ ಕೂರುವ ಕಾಂಕ್ರೀಟ್ ಡಬ್ಬಕ್ಕಿಂತ ಕಿತ್ತು ತೆಗೆಯಬಹುದಾದ ಬಿದಿರಿನ ಗೂಟಗಳೇ ಇಲ್ಲಿಗೆ ಒಪ್ಪುತ್ತವೆ. ತೂಬಿನಿಂದಲೂ ಕೋಡಿಯಿಂದಲೂ ದೂರವಾಗಿ, ಗುತ್ತಿಗೆದಾರರಿಗೂ ಪಂಚಾಯಿತಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಿ ಅವನ್ನು ಒಂದು ಮೂಲೆಯಲ್ಲಿ ನೆಡಬೇಕು. ನೀರಿಗಿಂತ ಮೇಲೆ ಅರ್ಧ ಅಡಿ ತುದಿ ಕಾಣುವಂತಿದ್ದರೆ ಬಲೆ ಬಿಡುವವರಿಗೆ ಜಾಗ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಕೆರೆ ಇಳಿದು ಹಿಡಿಯುವ ಕಾಲ ಬಂದಾಗ ಬಿದಿರನ್ನು ಕಿತ್ತು ದಡದಲ್ಲಿ ಒಣಗಿಸಿ, ಗಟ್ಟಿಯಾಗಿ ಉಳಿದವನ್ನು ಮಳೆಗಾಲಕ್ಕೆ ಮತ್ತೆ ನೆಡಬಹುದು.